ಇಕ್ಕಳದಿಂದ ಎತ್ತಿದ ರೊಟ್ಟಿ

ನಾನು ಸಿಟ್ಟು ಮರೆಯುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನಿಂದ ದೊಡ್ಡ ಮನಸ್ಸನ್ನು ಬಯಸಬಾರದು. ಇವಳ ಸಿಟ್ಟು ಉಪ್ಪಿನಕಾಯಿ ಇದ್ದ ಹಾಗೆ, ಹಳೆಯದಾದಷ್ಟೂ ರುಚಿ ಎಂದು ನಮ್ಮವ್ವ ಹೇಳುತ್ತಿದ್ದಳು. ದಾಂಡೇಲಿಯಲ್ಲಿ ಕಾಗದದ ಗಿರಣಿಯ ಗೇಟಿನ ಹತ್ತಿರ ನಾನು ಖಾನಾವಳಿ ತೆರೆದದ್ದು ಹೊಟ್ಟೆಪಾಡಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಹೊಟ್ಟೆಪಾಡು ಇದ್ದೇ ಇತ್ತು. ಆದರೆ ಒಲೆ ಹೊತ್ತಿಸಿದ್ದು ಸೇಡು.

ಎಪ್ಪತ್ತರ ದಶಕದ ಮಾತು. ನಮ್ಮವರು ಗಿರಣಿಯಲ್ಲಿ ಕೆಲಸಕ್ಕಿದ್ದರು, ನಾವು ಅಂಬೇವಾಡಿಯ ಒಂದು ಖೋಲಿಯಲ್ಲಿದ್ದೆವು. ಗೇಟಿನ ಎದುರಿನ ರಸ್ತೆಯಲ್ಲಿ ಆಗ ಒಂದೇ ಖಾನಾವಳಿ. ಅಲ್ಲಿ ನಾನು ಆರು ವರ್ಷ ರೊಟ್ಟಿ ಬಡಿದೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟಿದ್ದ ಗಂಡಸರಿಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ ಸಿಗುವ ಜಾಗ ಅದೊಂದೇ. ಮಧ್ಯಾಹ್ನ ಎರಡು ಗಂಟೆಗೆ ಗಿರಣಿಯ ಭೋಂಗಾ ಕೂಗಿದರೆ ಬೆಳಗಿನ ಪಾಳಿಯವರು ಹೊರಗೆ ಬೀಳುತ್ತಿದ್ದರು. ಭೋಂಗಾ ಕೂಗುವುದಕ್ಕೆ ಒಂದು ತಾಸು ಮೊದಲು ನನ್ನ ಹಂಚು ಕಾದಿರಬೇಕು.

ಒಳಗೆ ನಾಲ್ಕು ಬೆಂಚು, ಸ್ಟೀಲಿನ ತಟ್ಟೆ. ಹೊರಗೆ ತಗಡಿನ ಚಪ್ಪರದ ಕೆಳಗೆ ಒಂದು ಹಲಗೆ, ಅಲ್ಯೂಮಿನಿಯಂ ತಟ್ಟೆ. ಹೊರಗಿನ ಹಲಗೆ ಬಿದಿರಿನ ಲಾರಿ ಇಳಿಸುವ ಹಮಾಲರದು. ಅವರಲ್ಲಿ ಹೆಚ್ಚಿನವರು ಹಳಿಯಾಳದ ಕಡೆಯ ಹಳ್ಳಿಗಳಿಂದ ಬರುವ ಸಿದ್ದಿಗಳು. ಉಂಡಮೇಲೆ ತಟ್ಟೆಯನ್ನು ತಾವೇ ತೊಳೆದು ಬೇಲಿಗೆ ಸಿಕ್ಕಿಸಿ ಹೋಗಬೇಕು. ಒಳಗಿನವರಿಗೆ ಹೊಟ್ಟೆ ತುಂಬುವಷ್ಟು ರೊಟ್ಟಿ, ಹೊರಗಿನವರಿಗೆ ಮೂರೇ. ಕೊಡುವ ದುಡ್ಡು ಮಾತ್ರ ಇಬ್ಬರದೂ ಒಂದೇ. ಇದನ್ನು ಆರು ವರ್ಷ ಕಣ್ಣಾರೆ ಕಂಡೆ, ಒಂದು ದಿನವೂ ಬಾಯಿ ಬಿಡಲಿಲ್ಲ. ಮಾಲಕನನ್ನು ಬೈಯುವ ಮೊದಲು ಅದನ್ನೂ ಹೇಳಬೇಕು.

ಮೇ ತಿಂಗಳ ಒಂದು ಮಧ್ಯಾಹ್ನ ನೀಡುವವನು ಜ್ವರ ಬಂದು ಮಲಗಿದ್ದ. ಹಂಚಿನ ಮುಂದಿನಿಂದ ಎದ್ದು ನಾನೇ ನೀಡಲು ಹೋದೆ. ಹೊರಗಿನ ಹಲಗೆಯ ತುದಿಯಲ್ಲಿ ಒಬ್ಬ ಸಿದ್ದಿ ಹಮಾಲ ಕೂತಿದ್ದ. ದೊಡ್ಡ ಆಳು, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಬೆಳಗಿನಿಂದ ಎರಡು ಲಾರಿ ಇಳಿಸಿದ್ದ. ಅವನ ಮೂರು ರೊಟ್ಟಿ ಮುಗಿದಿದ್ದವು, ಪಲ್ಯ ಇನ್ನೂ ಉಳಿದಿತ್ತು. ಪಲ್ಯ ಉಳಿದ ತಟ್ಟೆಯನ್ನು ನೋಡಿಕೊಂಡು ಸುಮ್ಮನಿರುವುದು ನಮ್ಮ ಕಡೆಯ ಹೆಂಗಸರಿಂದ ಆಗುವ ಮಾತಲ್ಲ. ನಾಲ್ಕನೆಯ ರೊಟ್ಟಿ ತೆಗೆದುಕೊಂಡು ಹೋದೆ. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ಬ್ಯಾಡ ಬಾಯಿ, ಸಾಕು" ಎಂದ. ಹಮಾಲರು ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದರು.

ನಮ್ಮಲ್ಲಿ ಊಟಕ್ಕೆ ಕೂತವನು ಮೊದಲ ಸಲ ಬ್ಯಾಡ ಅಂದರೆ ಅದು ಮರ್ಯಾದೆ. ಎರಡನೆಯ ಸಲ ಅಂದರೆ ನಾಚಿಕೆ. ಮೂರನೆಯ ಸಲ ಎರಡೂ ಕೈ ಅಡ್ಡ ಹಿಡಿದು ತಟ್ಟೆಯ ಮೇಲೆ ಬಾಗಿದರೆ ಮಾತ್ರ ಹೊಟ್ಟೆ ತುಂಬಿದೆ ಎಂದು ಅರ್ಥ. ಮೊದಲ ಬ್ಯಾಡಕ್ಕೆ ಹಿಂದೆ ಸರಿಯುವ ಹೆಂಗಸು ಜಿಪುಣಿ. ನಾನು ಅವನ ಕೈಯನ್ನು ರೊಟ್ಟಿಯ ಅಂಚಿನಿಂದಲೇ ಪಕ್ಕಕ್ಕೆ ಸರಿಸಿ, "ಉಣ್ಣೋ ಅಣ್ಣಾ, ನಾಚಬ್ಯಾಡ" ಎಂದು ತಟ್ಟೆಗೆ ಹಾಕಿದೆ.

ಗಲ್ಲೆಯ ಮೇಲೆ ಕೂತಿದ್ದ ಮಾಲಕ ಎದ್ದು ಬಂದ. ಬರುವಾಗ ನನ್ನ ಒಲೆಯ ಪಕ್ಕದಲ್ಲಿದ್ದ ಇಕ್ಕಳ ತಂದ. ಇವನು ಬಹಳ ಮಡಿಯ ಮನುಷ್ಯ, ಮನೆಯವರು ಮತ್ತು ನನ್ನನ್ನು ಬಿಟ್ಟರೆ ಕಂಡಕಂಡವರ ಕೈಯ ತುತ್ತು ಮುಟ್ಟುವುದಿಲ್ಲ ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುವವನು. ಹಮಾಲನ ತಟ್ಟೆಗೆ ಇಕ್ಕಳ ಹಾಕಿ, ಸತ್ತ ಇಲಿಯನ್ನು ಎತ್ತಿದ ಹಾಗೆ ಆ ರೊಟ್ಟಿ ಎತ್ತಿದ, ರಸ್ತೆಗೆ ಒಗೆದ. ಉಳಿಸುವುದಕ್ಕೆ ತೆಗೆದಿದ್ದರೆ ಜಿಪುಣ ಎಂದು ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಇವನು ಒಗೆಯುವುದಕ್ಕೆಂದೇ ತೆಗೆದ. ಬಿಸಿಲಿಗೆ ಬಿದ್ದುಕೊಂಡಿದ್ದ ಬೀದಿನಾಯಿ ತಲೆ ಎತ್ತಿ ನೋಡಿತು, ಏಳಲಿಲ್ಲ.

"ಇಂಥವ್ರ ಹೊಟ್ಟಿ ಎಂದೂ ತುಂಬೂದಿಲ್ಲ. ಇವತ್ತ ನಾಕ್ ಕೊಟ್ರ ನಾಳೆ ಒಳಗ ಬಂದು ಕುಂದರ್ತಾರ" ಎಂದ. ನನ್ನ ಕಡೆ ತಿರುಗಿ, "ನೀ ಉಂಡ ಮನಿ ಗಳಾ ಎಣಸಾಕಿ. ಇಕ್ಕಳಾ ತಿಕ್ಕಿ ತೊಳದ ಇಡು" ಎಂದ.

ಹಮಾಲ ಎದ್ದು ಅಲ್ಯೂಮಿನಿಯಂ ತಟ್ಟೆಯನ್ನು ದಿನದಂತೆ ತೊಳೆದು, ದಿನದಂತೆ ಬೇಲಿಗೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಹೋದ. ಒಳಗಿನ ಬೆಂಚಿನವರು ಊಟ ನಿಲ್ಲಿಸಲಿಲ್ಲ. ನಾನು ಇಕ್ಕಳವನ್ನು ಮುಟ್ಟದೆ, ಪರಾತದಲ್ಲಿ ಅರ್ಧ ನಾದಿದ್ದ ಹಿಟ್ಟನ್ನು ಹಾಗೆಯೇ ಬಿಟ್ಟು, ಕೈ ತೊಳೆದು ಹೊರಬಿದ್ದೆ.

"ಹೋಗ ಹೋಗ. ರೊಟ್ಟಿ ಬಡಿಯೋ ಕೈ ನೂರ ಸಿಗ್ತಾವ" ಎಂದು ಅವನು ಹಿಂದಿನಿಂದ ಕೂಗಿದ. ಅದಕ್ಕೆ ತಕ್ಕ ಉತ್ತರ ನನಗೆ ಹೊಳೆದದ್ದು ಅಂಬೇವಾಡಿ ಮುಟ್ಟಿದ ಮೇಲೆ. ಮುಂದೆ ಎರಡು ವರ್ಷ ಆ ಉತ್ತರವನ್ನು ದಿನಕ್ಕೊಂದು ಬಗೆಯಲ್ಲಿ ತಿದ್ದುತ್ತಾ ಇದ್ದೆ.

ಆ ಖಾನಾವಳಿಯ ನೇರ ಎದುರಿಗೆ, ರಸ್ತೆಯ ಆಚೆ, ಸೈಕಲ್ ರಿಪೇರಿಯವನೊಬ್ಬ ಬಿಟ್ಟುಹೋದ ತಗಡಿನ ಶೆಡ್ಡು ಖಾಲಿ ಇತ್ತು. ಮಳೆಗೆ ಮೂರು ಕಡೆ ಸೋರುತ್ತಿತ್ತು. ನಾನು ಅದನ್ನೇ ಬಾಡಿಗೆಗೆ ಹಿಡಿಯುವ ಹಟ ಮಾಡಿದೆ.

"ಊರಾಗ ಬ್ಯಾರೆ ಜಾಗಾನ ಇಲ್ಲೇನ?" ಎಂದರು ನಮ್ಮವರು.

"ಅದಾವ. ಆದ್ರ ಅಲ್ಲಿಂದ ಅವನ ಮಾರಿ ಕಾಣೂದಿಲ್ಲ."

"ಖಾನಾವಳಿ ನಡಸಾಕ ಹೊಂಟೀಯೋ, ಯುದ್ಧ ಮಾಡಾಕ ಹೊಂಟೀಯೋ?"

"ಎರಡೂ" ಅಂದೆ. ಅವರು ರಜೆಯ ದಿನ ಬಂದು ತಗಡಿಗೆ ಡಾಂಬರು ಬಳಿದುಕೊಟ್ಟರು.

ನನ್ನ ಲೆಕ್ಕಾಚಾರ ಹೀಗಿತ್ತು. ಬಿಸಿ ರೊಟ್ಟಿಯನ್ನು ನಂಬಿದರೆ ಎರಡು ಗಂಟೆಯ ಭೋಂಗಾ ಕೂಗಿದ ಮೇಲೆ ಬರುವ ಗುಂಪಿಗೆ ಒಬ್ಬಳೇ ಬಡಿದು ಪೂರೈಸಲಾರೆ. ಹಸಿದವನು ಹಂಚಿನ ಮುಂದೆ ಕಾಯುತ್ತಾ ಕೂರುವುದಿಲ್ಲ, ಎದುರಿನ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಖಡಕ್ ರೊಟ್ಟಿ ಮಾಡಬೇಕು. ಎಸರು ಕುದಿಸಿ ಹಿಟ್ಟಿಗೆ ಹೊಯ್ದು, ಬಿಸಿ ಇರುವಾಗಲೇ ಚೆನ್ನಾಗಿ ನಾದಿ, ಆಚೆಗಿನ ಬೆಳಕು ಕಾಣುವಷ್ಟು ತೆಳ್ಳಗೆ ಬಡಿದು, ಹಂಚಿನಿಂದ ತೆಗೆದ ಮೇಲೆ ಕೆಂಡದ ಮುಂದೆ ನಿಲ್ಲಿಸಿ ಹಪ್ಪಳದ ಹಾಗೆ ಒಣಗಿಸುವುದು. ನನ್ನ ತವರು ನವಲಗುಂದದ ಕಡೆ. ಅಲ್ಲಿ ಹಾಗೆ ಮಾಡಿ ಬಟ್ಟೆಯಲ್ಲಿ ಸುತ್ತಿ ಪೆಟಾರಿಯಲ್ಲಿಟ್ಟರೆ ತಿಂಗಳಾದರೂ ಕಟಕಟ ಅನ್ನುತ್ತದೆ. ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ನಾಲ್ಕು ದಿನ ಬಡಿದೆ. ಹೊಸ ಧೋತರದಲ್ಲಿ ಕಟ್ಟಿ ತಗಡಿನ ಟ್ರಂಕಿನಲ್ಲಿ ಸಾಲಾಗಿ ಪೇರಿಸಿದೆ. ಮಿರುಗದ ಮಳೆ ಹಿಡಿಯಿತು, ಮೂರು ದಿನ ಬಿಡಲೇ ಇಲ್ಲ. ಒಳ್ಳೆಯದೇ ಆಯಿತು, ಮಳೆಯಲ್ಲಿ ಹಸಿವು ಹೆಚ್ಚು ಎಂದುಕೊಂಡೆ.

ಖಾನಾವಳಿ ಸುರು ಮಾಡಿದ ದಿನ ಭೋಂಗಾ ಕೂಗಿತು. ಹೊಸ ಅಂಗಡಿ ಎಂದು ಜನ ಬಂದು ಕೂತರು. ಟ್ರಂಕು ತೆರೆದೆ. ಮೇಲಿನ ರೊಟ್ಟಿ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಕೆಳಗಿನವಕ್ಕೆ ಆಗಲೇ ಹಸಿರು ಬೂಷ್ಟು ಹಿಡಿದಿತ್ತು. ಕೊಡೆಯನ್ನು ಒಣಗಿಸಿದರೆ ಒಣಗದ, ಬೆಂಕಿಪೊಟ್ಟಣ ಮೆತ್ತಗಾಗುವ ಊರಿನಲ್ಲಿ ಆರು ಮಳೆಗಾಲ ಕಳೆದಿದ್ದೆ. ಆದರೆ ಮಾಲಕನ ಅಂಗಡಿಯಲ್ಲಿ ಬಡಿದದ್ದೆಲ್ಲ ಬಿಸಿ ರೊಟ್ಟಿ. ಖಡಕ್ ರೊಟ್ಟಿ ಎಂದ ಕೂಡಲೇ ನನ್ನ ಕೈ ನವಲಗುಂದಕ್ಕೆ ಹೋಗಿಬಿಟ್ಟಿತ್ತು. ಮೇಲಿನ ಕೆಲವನ್ನು ಹಂಚಿನ ಮೇಲೆ ಮತ್ತೆ ಕಾಯಿಸಿ ಹಾಕಿದೆ. ಅವು ಜಗ್ಗಿದರೆ ಹರಿಯುತ್ತಿರಲಿಲ್ಲ.

ಒಬ್ಬ ಗಿರಣಿಯವನು ರೊಟ್ಟಿಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ, "ಅವ್ವಾರ, ಇದು ರೊಟ್ಟಿನೋ, ಚಪ್ಪಲಿ ಅಟ್ಟೇನೋ?" ಎಂದ. ಕೂತವರೆಲ್ಲ ನಕ್ಕರು.

ಮಾಲಕ ಒಬ್ಬನನ್ನು ಕಳಿಸಿ ನನ್ನ ಅಂಗಡಿಯಿಂದ ಒಂದು ರೊಟ್ಟಿ ತರಿಸಿಕೊಂಡ. ಅದಕ್ಕೆ ತೂತು ಮಾಡಿ, ಸುತಳಿ ಪೋಣಿಸಿ, ತನ್ನ ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ ಇಳಿಬಿಟ್ಟ. ಎರಡು ದಿನ ಅದು ನನ್ನ ಎದುರಿಗೆ ಗಾಳಿಗೆ ಅಲ್ಲಾಡುತ್ತಿತ್ತು. ಒಲೆಯ ಹೊಗೆಯ ನೆಪ ಮಾಡಿ ನಾನು ಅತ್ತೆ. ಅವನ ಮುಖ ಕಾಣಲಿ ಎಂದು ಹಿಡಿದ ಜಾಗದಲ್ಲಿ ನನ್ನ ಮಾನವೇ ತೂಗುಬಿದ್ದದ್ದು ಕಾಣುತ್ತಿತ್ತು.

ಮುಂದಿನ ಹತ್ತು ದಿನ ಒಬ್ಬಳೇ ಬಿಸಿ ರೊಟ್ಟಿ ಬಡಿದೆ. ಅಂಗೈ ಬೊಬ್ಬೆ ಎದ್ದಿತು. ತಂಪಿಗೆ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಎಷ್ಟು ಬಡಿದರೂ ಮೂವತ್ತು ಜನಕ್ಕಿಂತ ಹೆಚ್ಚು ಉಣಿಸಲಾಗಲಿಲ್ಲ, ಉಳಿದವರು ಕಾದು ಬೇಸತ್ತು ರಸ್ತೆ ದಾಟುತ್ತಿದ್ದರು. ಇನ್ನೊಂದು ಸಂಕಟವೂ ಇತ್ತು. ಯಾರ ತಟ್ಟೆಯ ರೊಟ್ಟಿಗಾಗಿ ನಾನು ಇಷ್ಟೆಲ್ಲ ಹೊತ್ತುಕೊಂಡಿದ್ದೆನೋ ಆ ಹಮಾಲ ಒಂದು ದಿನವೂ ನನ್ನ ಅಂಗಡಿಗೆ ಬರಲಿಲ್ಲ. ಲಾರಿಯ ನೆರಳಲ್ಲಿ ಕೂತು ಮನೆಯಿಂದ ತಂದ ಗಂಜಿ ಕುಡಿದು ಹೋಗುತ್ತಿದ್ದ. ನನಗೆ ಅವನ ಮೇಲೂ ಸಿಟ್ಟು ಬಂದಿತ್ತು.

ಆಗ ಕಟ್ಟಿಗೆ ಮಾರುವ ಒಬ್ಬ ಸಿದ್ದಿ ಹೆಂಗಸು ಹೊರೆ ಇಳಿಸಲು ಬಂದಳು. ಮಾತಾಡುತ್ತಾ, ಅವಳು ಅದೇ ಹಮಾಲನ ಹೆಂಡತಿ ಎಂದು ತಿಳಿಯಿತು.

"ನಿನ್ನ ಗಂಡಗ ಏನಾಗೇತಿ ವೈನಿ? ಅವನ ಸಲುವಾಗಿ ನಾ ಕೆಲಸಾ ಬಿಟ್ಟೆ. ಇತ್ತಾಗ ಹಾಯೂದಿಲ್ಲಲ್ಲ?" ಎಂದು ಕೇಳಿಯೇಬಿಟ್ಟೆ.

ಅವಳು ಹೊರೆಯ ಬಳ್ಳಿ ಬಿಚ್ಚುತ್ತಾ, "ಅವ ಬ್ಯಾಡ ಅಂದಿದ್ನಂತಲ್ಲ" ಎಂದಳು.

"ಏನ ಬ್ಯಾಡ?"

"ರೊಟ್ಟಿ. ಮಾಲಕ ನೋಡ್ತಾ ಇದ್ದ, ಅದಕ್ಕ ಕೈ ಅಡ್ಡ ಹಿಡದ. ನೀ ಕೈ ಸರಿಸಿ ಹಾಕಿದಿ. ಅವ ಹೇಳ್ತಾನ, ಆ ಬಾಯೀದು ಮನಸ ಒಳ್ಳೇದ, ಆದ್ರ ಕಿವಿ ಇಲ್ಲ."

ನನಗೆ ರೇಗಿತು. ಉಪಕಾರ ಮಾಡಿದವಳಿಗೇ ಈ ಮಾತೇ ಎಂದು ಅವಳ ಕಟ್ಟಿಗೆಯನ್ನು ವಾಪಸು ಹೊರಿಸುವವಳಿದ್ದೆ. ಆಮೇಲೆ ಆ ಮಧ್ಯಾಹ್ನದ ಕೈ ಕಣ್ಣ ಮುಂದೆ ಬಂತು. ಅಡ್ಡ ಹಿಡಿದಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲಾಚೆ ಗಲ್ಲೆಯ ಕಡೆಗೆ ನೋಡುತ್ತಿದ್ದ. ಅದು ನಮ್ಮೂರ ಊಟದ ಮನೆಯ ಬ್ಯಾಡ ಆಗಿರಲಿಲ್ಲ. ಇಕ್ಕಳ ಹಿಡಿದವನು ಮಾಲಕನೇ, ಆದರೆ ಹಿಡಿಯುವುದಕ್ಕೆ ರೊಟ್ಟಿ ಇಟ್ಟುಕೊಟ್ಟವಳು ನಾನು. ಮಾಲಕನ ಮೇಲಿನ ಸಿಟ್ಟು ಇದರಿಂದ ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ನಾಚಿಕೆಯೂ ಅದರ ಜೊತೆ ಸೇರಿತು, ಅಷ್ಟೇ.

ಅವಳ ಕಣ್ಣು ಮೂಲೆಯ ಟ್ರಂಕಿನ ಮೇಲೆ ಬಿತ್ತು. ಮುಚ್ಚಳ ತೆಗೆದು ಮೂಸಿ ಗೊಳ್ಳೆಂದು ನಕ್ಕಳು.

"ನೀವು ಬಯಲಸೀಮಿ ಮಂದಿ, ಮಳಿಗಾಲದಾಗ ಪೆಟಗಿ ಮುಚ್ಚಿ ಇಡ್ತೀರಿ! ನಮ್ಮನ್ಯಾಗ ಮಳಿ ಬಿದ್ರ ಯಾವ್ದೂ ನೆಲದ ಮ್ಯಾಲ ಇರೂದಿಲ್ಲ. ಬೀಜಾ, ಗೊಂಜಾಳ, ಒಣಮೀನ, ಎಲ್ಲಾ ಒಲಿ ಮ್ಯಾಲ. ನಿನ್ನ ರೊಟ್ಟಿನೂ ಮ್ಯಾಲ ಏರಸು."

ಮುಂದಿನ ರವಿವಾರ ಹೆಂಡತಿಯ ಮಾತಿಗೆ ಹಮಾಲನೇ ಬಂದ. ಬಿದಿರು ಸೀಳಿ, ಒಲೆಯ ಮೇಲೆ ಹಗ್ಗದಿಂದ ಮೂರು ಅಂತಸ್ತಿನ ತಟ್ಟಿ ಕಟ್ಟಿದ. ಆ ದಿನದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊದಲ ದಿನ ತಟ್ಟಿ ತಗ್ಗಿನಲ್ಲಿದ್ದು ರೊಟ್ಟಿಗಳು ಕಂದಿ ಹೋದವು. ಎತ್ತರಿಸಿದರೆ ಮತ್ತೆ ಮೆತ್ತಗಾದವು. ಹಗ್ಗವನ್ನು ಗೇಣು ಗೇಣಾಗಿ ಇಳಿಸುತ್ತಾ ಏರಿಸುತ್ತಾ ಹದ ಹಿಡಿದೆವು. ಆಮೇಲೆ ಹೊಗೆಯ ಕಾಟ. ಹಸಿ ಕಟ್ಟಿಗೆ ಉರಿಸಿದ್ದಕ್ಕೆ ರೊಟ್ಟಿಯೆಲ್ಲ ಹೊಗೆ ವಾಸನೆ. ಪಲ್ಯದ ಒಲೆಗೆ ಯಾವ ಕಟ್ಟಿಗೆಯಾದರೂ ಆಗಲಿ, ತಟ್ಟಿಯ ಕೆಳಗಿನ ಒಲೆಗೆ ಮಾತ್ರ ಹೋದ ವರ್ಷದ ಒಣ ಮತ್ತಿ ಕಟ್ಟಿಗೆ, ಅದೂ ಉರಿಯಲ್ಲ, ಕೆಂಡ ಎಂದು ಹಮಾಲನ ಹೆಂಡತಿ ಕಟ್ಟುನಿಟ್ಟು ಮಾಡಿದಳು. ಒಂದರ ಮೇಲೊಂದು ಪೇರಿಸಿದರೆ ನಡುವಿನವು ಬೆವರುತ್ತವೆ ಎಂದು ಅಗಲ ಹೆಣಿಗೆಯ ಬಿದಿರಿನ ಬುಟ್ಟಿಗಳಲ್ಲಿ ರೊಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿದೆವು. ಎಂಟನೆಯ ದಿನ ಹೊರಗೆ ಧೋ ಎಂದು ಸುರಿಯುತ್ತಿರುವಾಗ ಒಂದು ರೊಟ್ಟಿ ಮುರಿದೆ. ಕಟ್ ಎಂದಿತು. ಆ ಸಪ್ಪಳ ಕೇಳಿ ನನಗೆ ಮೊದಲು ನೆನಪಾದದ್ದು ಮಾಲಕನ ಮುಖ.

"ಊಟಾ ಮಾಡಿ ಹೋಗಣ್ಣಾ" ಎಂದೆ ಹಮಾಲನಿಗೆ.

ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ನೀ ನೀಡಾಕ ಬರಬ್ಯಾಡ ಬಾಯಿ. ಹಂಗಾದ್ರ ಉಣ್ತೇನಿ."

ಬುಟ್ಟಿಯನ್ನೇ ಅವನ ಮುಂದೆ ಇಟ್ಟು ನಾನು ದೂರ ಹೋಗಿ ನಿಂತೆ. ತನಗೆ ಬೇಕಾದಷ್ಟು ತೆಗೆದುಕೊಂಡು, ಯಾರ ಕಣ್ಣನ್ನೂ ನೋಡದೆ, ಯಾರಿಗೂ ಬ್ಯಾಡ ಅನ್ನದೆ ಉಂಡ. ನೋಡುತ್ತಾ ನಿಂತವಳಿಗೆ ನನ್ನ ಖಾನಾವಳಿ ಹೇಗಿರಬೇಕು ಎಂದು ಹೊಳೆಯಿತು. ನೀಡುವ ಕೈ ಇದ್ದಲ್ಲಿ ಕಸಿದುಕೊಳ್ಳುವ ಕೈಯೂ ಇರುತ್ತದೆ. ನೀಡುವ ಕೈಯೇ ಬೇಡ. ಪ್ರತಿ ಬೆಂಚಿನ ನಡುವೆ ಒಂದು ಬುಟ್ಟಿ. ಒಂದೇ ನಮೂನೆಯ ತಟ್ಟೆ. ಹೊರಗಿನ ಹಲಗೆ ಇಲ್ಲ. ಕೂತವನು ಗಿರಣಿಯವನಿರಲಿ, ಹಮಾಲನಿರಲಿ, ತಾನೇ ಕೈ ಹಾಕಿ ತಾನೇ ತೆಗೆದುಕೊಂಡು ಹೊಟ್ಟೆ ತುಂಬ ಉಣ್ಣಬೇಕು.

ಮಾರನೆಯ ದಿನವೇ ತಕರಾರು ಬಂತು. ನಮ್ಮ ಊರ ಕಡೆಯವನೇ ಒಬ್ಬ ಗಿರಣಿಯವನು ಬುಟ್ಟಿಯನ್ನು ನೋಡಿ, ಪಕ್ಕದಲ್ಲಿ ಕೂತ ಹಮಾಲರನ್ನು ನೋಡಿ, "ಅಕ್ಕಾರ, ಇವ್ರ ಕೈ ಹಾಕಿದ ಬುಟ್ಟ್ಯಾಗ ನಾವು ಕೈ ಹಾಕಬೇಕೇನ್ರಿ?" ಎಂದ.

"ಬ್ಯಾಡಾಗಿದ್ರ ಎದುರಿಗೆ ಐತಲ್ರಿ. ಅಲ್ಲಿ ಇಕ್ಕಳಾ ಇಟ್ಟಾರ" ಎಂದೆ.

ಅವನು ಎದ್ದ. ಅವನ ಹಿಂದೆ ಇನ್ನೂ ಹತ್ತು ಹನ್ನೆರಡು ಜನ ಎದ್ದರು. ಮಾಲಕ ತನ್ನ ಬಾಗಿಲಲ್ಲಿ ನಿಂತು ಅವರನ್ನು ಬೀಗರ ಹಾಗೆ ಬರಮಾಡಿಕೊಂಡ. ನಾನು ಆಗ ಧೈರ್ಯ ತೋರಿಸಿದೆ ಎಂದರೆ ಸುಳ್ಳಾಗುತ್ತದೆ. ಬುಟ್ಟಿ ತೆಗೆದು ಮತ್ತೆ ನೀಡಲು ಶುರುಮಾಡಿದ್ದರೆ ಅವರೆಲ್ಲ ಬರುತ್ತಿದ್ದರು, ಅದೂ ಗೊತ್ತಿತ್ತು. ಆದರೆ ಆ ಮಾಲಕ ನಗುತ್ತಾ ನಿಂತದ್ದನ್ನು ಕಂಡ ಮೇಲೆ ಸತ್ತರೂ ತೆಗೆಯುವುದಿಲ್ಲ ಎಂದು ಹಟ ಹಿಡಿದೆ. ಒಳ್ಳೆಯತನದಿಂದ ಆಗದ ಕೆಲಸಗಳು ಎಷ್ಟೋ ಸಲ ಹಟದಿಂದ ಆಗುತ್ತವೆ.

ನನ್ನ ಕೈ ಹಿಡಿದದ್ದು ಮಳೆ. ಆಷಾಢ ಬಂತು. ನಾನು ಕೆಲಸ ಬಿಟ್ಟು ಬಂದ ಮೇಲೆ ಎದುರಿನವನು ಹೊಸಬರಿಂದ ಬಿಸಿ ರೊಟ್ಟಿ ಬಡಿಸುತ್ತಿದ್ದ, ಅವು ಬೆಂಚಿಗೆ ಬರುವಷ್ಟರಲ್ಲಿ ಆರಿ ತೊಗಲಾಗುತ್ತಿದ್ದವು. ನನ್ನ ಅಂಗಡಿಯಲ್ಲಿ ಭೋಂಗಾ ಕೂಗುವ ಹೊತ್ತಿಗೆ ಬುಟ್ಟಿಗಳು ಬೆಂಚಿನ ಮೇಲೆ. ಕೂತರೆ ಸಾಕು, ಕಾಯುವ ಮಾತಿಲ್ಲ. ಐವತ್ತು ಜನ ಒಟ್ಟಿಗೆ ಖಡಕ್ ರೊಟ್ಟಿ ಮುರಿಯುವ ಸಪ್ಪಳ ಆ ಮಳೆಯಲ್ಲೂ ರಸ್ತೆಯಾಚೆ ಕೇಳುತ್ತಿತ್ತು. ಎದ್ದುಹೋದವರಲ್ಲಿ ಮೊದಲು ಇಬ್ಬರು ಬಂದರು, ಆಮೇಲೆ ಐವರು. ಹಮಾಲರಿಂದ ಒಂದು ಮೊಳ ದೂರ ಕೂರುತ್ತಿದ್ದರು, ಬುಟ್ಟಿಗೆ ಮಾತ್ರ ಕೈ ಹಾಕುತ್ತಿದ್ದರು. ತಕರಾರು ತೆಗೆದಿದ್ದ ನಮ್ಮ ಊರ ಕಡೆಯವನು ಎಲ್ಲರಿಗಿಂತ ಕೊನೆಗೆ ಬಂದು, ತಲೆ ತಗ್ಗಿಸಿ, ಆರು ರೊಟ್ಟಿ ತಿಂದ. ಅವರ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ. ಹೊಟ್ಟೆ ಬದಲಾಯಿತು, ಅಷ್ಟಂತೂ ನಿಜ.

ಮಾಲಕನೂ ಖಡಕ್ ರೊಟ್ಟಿಗೆ ಕೈ ಹಾಕಿದ. ಪೆಟಗಿಯಲ್ಲಿ ಮುಚ್ಚಿ ಇಟ್ಟ. ನಾನು ಒಬ್ಬನನ್ನು ಕಳಿಸಿ ಅವನ ಅಂಗಡಿಯಿಂದ ಬೂಷ್ಟು ಹಿಡಿದ ಒಂದು ರೊಟ್ಟಿ ತರಿಸಿ, ಸುತಳಿ ಪೋಣಿಸಿ, ನನ್ನ ಬಾಗಿಲಿಗೆ ಇಳಿಬಿಟ್ಟೆ. ಸಣ್ಣತನ ಎಂದು ನಮ್ಮವರು ಅಂದರು. ಹೌದು, ಸಣ್ಣತನವೇ. ಆ ದಿನ ನನಗೆ ಆದ ಸಂತೋಷ ಮಗಳ ಮದುವೆಯಲ್ಲೂ ಆಗಿಲ್ಲ.

ಅದೇ ವಾರ ಸಂತೆಯಿಂದ ಹೊಸ ಇಕ್ಕಳವೊಂದನ್ನು ಕೊಂಡು ತಂದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ. ಯಾಕೆ ಎಂದು ಹಮಾಲನ ಹೆಂಡತಿ ಕೇಳಿದಳು.

"ಅವ ಒಂದಿನಾ ಇಲ್ಲೇ ಉಣ್ಣಾಕ ಬರ್ತಾನ. ಅವತ್ತಿಗೆ ಬೇಕು" ಎಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ಆ ಇಕ್ಕಳವನ್ನು ನಾನು ಬೇರೆ ಯಾವ ಕೆಲಸಕ್ಕೂ ಬಳಸಲಿಲ್ಲ. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರುತ್ತಿದ್ದೆ.

ಅವನ ಬೆಂಚುಗಳು ಒಂದೊಂದಾಗಿ ಖಾಲಿಯಾಗುವುದನ್ನು ನಾನು ಹಂಚಿನ ಮುಂದೆ ಕೂತು ನೋಡಿದೆ. ಮೊದಲು ಹೊರಗಿನ ಹಲಗೆ ಖಾಲಿಯಾಯಿತು, ಬೇಲಿಯ ಮೇಲಿನ ಅಲ್ಯೂಮಿನಿಯಂ ತಟ್ಟೆಗಳು ಅಲ್ಲಿಯೇ ಮಳೆಗೆ ಕಪ್ಪಾದವು. ಆಮೇಲೆ ಒಳಗಿನ ಬೆಂಚು. ಮತ್ತೊಂದು ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಬಾಗಿಲು ಹಾಕಿದ, ಕಟ್ಟಿಗೆಯ ಡಿಪೋ ಒಂದರಲ್ಲಿ ಕಾರಕೂನಿಕೆ ಹಿಡಿದ ಎಂದು ಸುದ್ದಿ ಬಂತು. ಓಣಿಯವರಿಗೆಲ್ಲ ಸಿಹಿ ಹಂಚಿದೆ. ಯಾಕೆ ಎಂದು ಕೇಳಿದವರಿಗೆ ಸತ್ಯನಾರಾಯಣನ ಪ್ರಸಾದ ಅಂದೆ.

ಅವನು ಬಂದದ್ದು ಮೂರನೆಯ ಮಳೆಗಾಲದಲ್ಲಿ. ಮಧ್ಯಾಹ್ನ ಭೋಂಗಾ ಕೂಗಿ ಜನ ಕೂತಾಗಿತ್ತು. ಬಾಗಿಲಲ್ಲಿ ಕೊಡೆ ಮಡಿಸುತ್ತಾ ನಿಂತವನನ್ನು ಕಂಡು ನನ್ನ ಕಣ್ಣು ಮೊಳೆಯ ಮೇಲಿನ ಇಕ್ಕಳಕ್ಕೆ ಹೋಯಿತು. ಸೊರಗಿದ್ದ, ಅಂಗಿಯ ಕಾಲರು ಸವೆದಿತ್ತು. ಹೆಂಡತಿ ಮಗಳ ಬಾಣಂತನಕ್ಕೆಂದು ಅವಳ ಊರಿಗೆ ಹೋಗಿದ್ದಳಂತೆ, ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಗೇಟಿನ ಸುತ್ತ ರೊಟ್ಟಿ ಸಿಗುವ ಜಾಗ ಈಗ ನನ್ನದೊಂದೇ. ಖಾಲಿ ಇದ್ದದ್ದು ಒಂದೇ ಜಾಗ, ಹಮಾಲನ ಎದುರಿಗೆ. ಹಮಾಲ ಆಗಷ್ಟೇ ಕೈ ತೊಳೆದು ಬಂದು ಕೂತಿದ್ದ.

ಮಾಲಕ ಕೂತ. ನನ್ನ ಕಡೆ ನೋಡದೆ, "ಬಾಯಾರ, ನನಗಷ್ಟ ಬುಟ್ಟ್ಯಾಗಿಂದ ಬ್ಯಾಡ. ಒಳಗಿಂದ ಎರಡ ರೊಟ್ಟಿ ನಿಮ್ಮ ಕೈಲೆ ನೀಡ್ರಿ" ಎಂದ.

ಹಸಿವಿನಲ್ಲೂ ಆ ಮಡಿ ಹೋಗಿರಲಿಲ್ಲ. ಸೌದೆ ಸುಟ್ಟರೂ ಗಂಟು ಸುಡಲಿಲ್ಲ ಎಂದುಕೊಂಡೆ. "ಆಗ್ಲಿರಿ" ಎಂದು ತಟ್ಟಿಯ ಮೇಲಿನಿಂದ ಒಂದು ರೊಟ್ಟಿ ತೆಗೆದೆ. ನನ್ನ ಖಾನಾವಳಿ ಬುಟ್ಟಿಗೆ ತಿರುಗಿದ ಮೇಲೆ ನಾನು ಯಾರಿಗೂ ಕೈಯಾರೆ ನೀಡಿರಲಿಲ್ಲ. ಅವನ ತಟ್ಟೆಗೆ ರೊಟ್ಟಿ ಹಾಕಿದೆ, ಪಕ್ಕದಲ್ಲಿ ಬದನೆಕಾಯಿ ಪಲ್ಯ ಹಾಕಿದೆ. ಅವನ ಕೈ ರೊಟ್ಟಿಗೆ ಹೋಗುವವರೆಗೂ ಕಾದೆ. ಆಮೇಲೆ ಮೊಳೆಯ ಮೇಲಿನ ಇಕ್ಕಳ ತೆಗೆದು, ಅವನ ಬೆರಳಿನ ಕೆಳಗಿನಿಂದಲೇ ರೊಟ್ಟಿ ಎತ್ತಿ, ಹೊರಗೆ ಕೆಸರಿಗೆ ಒಗೆದೆ.

ರೊಟ್ಟಿ ಮುರಿಯುವ ಸಪ್ಪಳ ಇಡೀ ಅಂಗಡಿಯಲ್ಲಿ ನಿಂತಿತು. ಎರಡು ವರ್ಷ ತಿದ್ದಿ ತಿದ್ದಿ ಇಟ್ಟುಕೊಂಡ ಉತ್ತರ ಬಾಯಿಯವರೆಗೆ ಬಂತು, ಆದರೆ ಹೇಳುವ ಅಗತ್ಯ ಕಾಣಲಿಲ್ಲ. ಮಾಲಕನ ಮುಖ ಸುಣ್ಣದ ಹಾಗಾಗಿತ್ತು. ನಾನು ಹಮಾಲನ ಕಡೆ ನೋಡಿದೆ. ಅವನು ನಗಲಿ, ಕಡೇಪಕ್ಷ ಒಮ್ಮೆ ತಲೆ ಆಡಿಸಲಿ ಎಂದು ಆಸೆ ಇತ್ತು.

ಹಮಾಲ ನಗಲಿಲ್ಲ. ಮುಂದಿನ ಬುಟ್ಟಿಗೆ ಕೈ ಹಾಕಿದ. ಬಿದಿರಿನ ಸಿಬಿರು ಹೊಕ್ಕು ಹೊಕ್ಕು ಕಲ್ಲಾದ ಕೈ ಅದು. ಒಂದು ರೊಟ್ಟಿ ತೆಗೆದು ಮಾಲಕನ ತಟ್ಟೆಯ ಕಡೆ ಚಾಚಿದ.

"ಉಣ್ರಿ ಮಾಲಕರ."

ಮಾಲಕ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. "ಬ್ಯಾಡ, ಬ್ಯಾಡ" ಎಂದ. ಬಾಗಿಲ ಕಡೆ ನೋಡಿದ, ಹೊರಗೆ ಮಳೆ. ನನ್ನ ಕಡೆ ನೋಡಿದ, ಇಕ್ಕಳ ಇನ್ನೂ ನನ್ನ ಕೈಯಲ್ಲಿತ್ತು. ಐವತ್ತು ಜನ ಊಟ ಬಿಟ್ಟು ಅವನನ್ನೇ ನೋಡುತ್ತಿದ್ದರು.

ಹಮಾಲ ಆ ಕೈಯನ್ನು ರೊಟ್ಟಿಯ ಅಂಚಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ರೊಟ್ಟಿಯನ್ನು ತಟ್ಟೆಗೆ ಹಾಕಿ, "ನಾಚಬ್ಯಾಡ್ರಿ, ಉಣ್ರಿ" ಎಂದ.

ಮಾಲಕ ಬಹಳ ಹೊತ್ತು ಆ ರೊಟ್ಟಿಯನ್ನು ನೋಡುತ್ತಾ ಕೂತ. ಆಮೇಲೆ ಮುರಿದ. ಕಟ್ ಎಂದ ಸಪ್ಪಳ ಎಲ್ಲರಿಗೂ ಕೇಳಿತು. ತಲೆ ಎತ್ತದೆ ಅದನ್ನು ಪೂರ್ತಿ ತಿಂದ, ಕೊನೆಗೆ ಬೆರಳಿಗಂಟಿದ ಚೂರನ್ನೂ ತಿಂದ. ಎದ್ದು ಕೈ ತೊಳೆದು, ಕೊಡೆ ಬಿಚ್ಚುವುದನ್ನು ಮರೆತು ಮಳೆಯಲ್ಲೇ ಹೋದ. ಮತ್ತೆ ಬರಲಿಲ್ಲ.

ನನಗೆ ಹಮಾಲನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಹತ್ತಿರ ಹೋಗಿ, "ಯಾಕ ನೀಡಿದಿ ಅಣ್ಣಾ? ಉಪಾಸ ಎದ್ದು ಹೋಗ್ತಿದ್ದ. ಇಷ್ಟ ದಿನಾ ಕಾದ ನನ್ನ ಸೇಡ ಹಾಳ ಮಾಡಿದಿ" ಎಂದೆ.

"ನಿನ್ನ ಸೇಡ ನೀ ತೀರಿಸಿಕೊಂಡಿ ಬಾಯಿ. ನಂದು ಉಳದಿತ್ತು" ಎಂದ ಅವನು. "ಅವಾ ನನ್ನ ಕೈಲೆ ಉಣಬೇಕಾಗಿತ್ತು. ಉಂಡ."

ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಊಟ ಶುರುಮಾಡಿದ. ಅವತ್ತು ಅವನು ಎಷ್ಟು ರೊಟ್ಟಿ ತಿಂದ ಎಂದು ನಾನು ನೋಡಲಿಲ್ಲ.